ಮಳೆ ಪುಸ್ತಕದ ಬಲಗಡೆ ಪುಟ

ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗುತ್ತದೆ. ಎರಡೂವರೆಗಲ್ಲ, ನಾಲ್ಕಕ್ಕೂ ಅಲ್ಲ. ಯಾರೋ ಹೆಗಲು ತಟ್ಟಿ ಎಬ್ಬಿಸಿದ ಹಾಗೆ ಸರಿಯಾಗಿ ಮೂರಕ್ಕೆ. ಹೊರಗೆ ಪುನರ್ವಸು ಮಳೆ ಹೆಂಚಿನ ಮೇಲೆ ಒಂದೇ ಸಮನೆ ಹೊಯ್ಯುತ್ತಿರುತ್ತದೆ. ಕರೆಂಟು ಸಂಜೆಯೇ ಹೋಗಿರುತ್ತದೆ. ಪಕ್ಕದಲ್ಲಿ ನಮ್ಮನೆಯವರು ಕಂಬಳಿ ಎಳೆದುಕೊಂಡು ಗೊರಕೆ ಹೊಡೆಯುತ್ತಿರುತ್ತಾರೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಇವರನ್ನು ನೋಡಿಯೇ ಕಟ್ಟಿರಬೇಕು.

ಮೊದಲು ಬರುವ ಯೋಚನೆ ಮನೆ ಹಿಂದಿನ ಬರೆಯದ್ದು, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಇಳಿಜಾರಿನದ್ದು. ಅದು ಜರಿದರೆ? ಆಮೇಲೆ ಕಾಫಿ. ಇಷ್ಟು ಮಳೆಗೆ ಕಾಯಿ ಉದುರದೆ ಇರುತ್ತದಾ? ಉದುರಿದರೆ ಸೊಸೈಟಿ ಸಾಲದ ಗತಿ ಏನು? ಅಲ್ಲಿಂದ ಒಂದೇ ಜಿಗಿತಕ್ಕೆ ಬೆಂಗಳೂರು. ಮಗ ರಾತ್ರಿ ಫೋನ್ ಎತ್ತಲಿಲ್ಲ. ಬೈಕಿನಲ್ಲಿ ಓಡಾಡುವವನು. ಮೂರೂಕಾಲು ಆಗುವಷ್ಟರಲ್ಲಿ ಮನೆ ಹೋಗಿದೆ, ತೋಟ ಹೋಗಿದೆ, ಮಗ ಆಸ್ಪತ್ರೆಯಲ್ಲಿದ್ದಾನೆ, ನಾನು ಯಾರ ಹತ್ತಿರ ದುಡ್ಡು ಕೇಳಲಿ ಅಂತ ಪಟ್ಟಿ ಮಾಡುತ್ತಿದ್ದೇನೆ. ಹದಿನೈದು ನಿಮಿಷದಲ್ಲಿ ಒಂದು ಸಂಸಾರ ಪೂರ್ತಿ ಮುಗಿದಿರುತ್ತದೆ. ಗೊರಕೆ ಮಾತ್ರ ನಿಂತಿರುವುದಿಲ್ಲ.

ಇದನ್ನು ಈಗ ನಗುತ್ತಾ ಬರೆಯುತ್ತಿದ್ದೇನೆ. ನಗು ಬರುವುದಕ್ಕೆ ಕೆಲವು ವರ್ಷ ಹಿಡಿಯಿತು.

ನಮ್ಮ ಮಾವನ ಮಳೆ ಪುಸ್ತಕದ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕೊಡಗಿನ ತೋಟದ ಮನೆಗಳಲ್ಲಿ ಇದು ಹೊಸದೇನಲ್ಲ. ಅಂಗಳದಲ್ಲಿ, ಮರದ ಹನಿ ಬೀಳದ ಕಡೆ, ಮಳೆ ಅಳೆಯುವ ಪಾತ್ರೆ ಇರುತ್ತದೆ. ಬೆಳಿಗ್ಗೆ ಅದರ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಗೆ ಬಗ್ಗಿಸಿ ನೋಡುವುದು, ಬರೆದಿಡುವುದು. ಟಿ.ವಿ.ಯವರು ಮಿಲಿಮೀಟರ್ ಅನ್ನಲಿ, ನಮ್ಮಲ್ಲಿ ಇವತ್ತಿಗೂ ಇಂಚು, ಸೆಂಟು. ಒಂದು ಇಂಚಿಗೆ ನೂರು ಸೆಂಟು. ನೆಂಟರ ಫೋನ್ ಬಂದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟಾಯ್ತು?" ಹೂಮಳೆ ಕಾಲದಲ್ಲಂತೂ, ಅಂದರೆ ಫೆಬ್ರವರಿ, ಮಾರ್ಚಿನಲ್ಲಿ, ಒಂದು ಇಂಚು ಬಿದ್ದವರು ಗತ್ತಿನಿಂದ ಹೇಳುತ್ತಾರೆ. ಇಪ್ಪತ್ತು ಸೆಂಟು ಬಿದ್ದವರು ದನಿ ಇಳಿಸುತ್ತಾರೆ. ಆ ಮಳೆ ಸರಿಯಾಗಿ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳುತ್ತದೆ. ಹೂ ಬಿರಿಯುವ ದಿನವೇ ಮತ್ತೆ ಮಳೆ ಸುರಿದರೆ ಕೆಟ್ಟಿತು. ಎರಡು ಮೂರು ವಾರ ಕಳೆದ ಮೇಲೆ ಬ್ಯಾಕಿಂಗ್ ಮಳೆ ಬರದಿದ್ದರೂ ಕೆಟ್ಟಿತು, ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಹೀಗೆ ವರ್ಷಪೂರ್ತಿ ಆಕಾಶ ನೋಡಿಕೊಂಡೇ ಬದುಕುವ ಜನಕ್ಕೆ ಚಿಂತೆ ಮಾಡಬೇಡಿ ಅನ್ನುವುದು, ಕಪ್ಪೆಗೆ ಒದ್ದೆಯಾಗಬೇಡ ಅಂದ ಹಾಗೆ.

ಮಾವ 1974ರಿಂದ ಬರೆದಿದ್ದಾರೆ. ಉದ್ದನೆಯ ಲೆಕ್ಕದ ಪುಸ್ತಕಗಳು, ಕೆಂಪು ಬಟ್ಟೆಯ ಬೆನ್ನು. ಎಡಗಡೆ ಪುಟದಲ್ಲಿ ತಾರೀಖು, ಮಳೆ, ಜಾಗ ಉಳಿದರೆ ಒಂದೆರಡು ಪದ. "ಚಿಗುರು ತೆಗೆಸಿದೆ." "ಮೆಣಸಿಗೆ ಬೋರ್ಡೋ ಔಷಧಿ." "ಕೆಂದ ಹಸು ಕರು ಹಾಕಿತು." ಬಲಗಡೆ ಪುಟ ಪೂರ್ತಿ ಖಾಲಿ. ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದ್ದೆ, ಯಾಕೆ ಮಾವ ಇಷ್ಟೊಂದು ಕಾಗದ ದಂಡ ಅಂತ. "ಶಾಯಿ ಹಿಂದಕ್ಕೆ ಇಳಿಯುತ್ತದಮ್ಮ" ಅಂದರು. ಬಾಲ್ ಪೆನ್ನು ಬಂದು ಎಷ್ಟೋ ವರ್ಷವಾದರೂ ಆ ಅಭ್ಯಾಸ ಬಿಡಲಿಲ್ಲ. ಅತ್ತೆ ತೀರಿಕೊಂಡ ದಿನವೂ ಮಳೆ ಬರೆದಿದ್ದಾರೆ. 1.15. ಪಕ್ಕದಲ್ಲಿ ಒಂದು ಪದವೂ ಇಲ್ಲ.

2018ರ ಆಗಸ್ಟ್ ಪುಟ ತೆಗೆದರೆ 16ನೇ ತಾರೀಖಿನ ಎದುರು ಅಂಕಿ ಇಲ್ಲ. "ಪಾತ್ರೆ ತುಂಬಿ ಹೊರಗೆ ಹೋಗಿದೆ" ಅಂತಿದೆ. ಅದರಾಚೆ ಹನ್ನೆರಡು ದಿನ ಏನೂ ಇಲ್ಲ. 44 ವರ್ಷದ ಪುಸ್ತಕದಲ್ಲಿ ಅದೊಂದೇ ತೂತು.

ಆಶ್ಲೇಷ ಮುಗಿದು ಮಖೆ ಮಳೆ ಹುಟ್ಟುವ ಹೊತ್ತು ಅದು. ನಮ್ಮ ಮನೆ ಮಾದಾಪುರದಿಂದ ಸ್ವಲ್ಪ ಮೇಲಕ್ಕೆ. ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಆ ಕಡೆ ಜೋಡುಪಾಲ, ಎಲ್ಲಾ ಕಡೆ ಬೆಟ್ಟಗಳು ಕೆಸರಾಗಿ ಇಳಿದವು. ಮಡಿಕೇರಿ–ಮಂಗಳೂರು ಹೆದ್ದಾರಿ ತುಂಡಾಯಿತು. ಕೆಳಗೆ ಕುಶಾಲನಗರದಲ್ಲಿ ಕಾವೇರಿ ಬಡಾವಣೆಗಳಿಗೆ ನುಗ್ಗಿದಳು. ನಮ್ಮ ಮನೆ ಉಳಿಯಿತು. ಕೆಳಗಿನ ಅರೇಬಿಕಾ ಕಾಫಿ ಪಟ್ಟಿ ಉಳಿಯಲಿಲ್ಲ, ಸಿಲ್ವರ್ ಓಕ್ ಮರ, ಮೆಣಸಿನ ಬಳ್ಳಿ ಸಮೇತ ತೊರೆಗೆ ಹೋಯಿತು. ಆ ಶಬ್ದ ಹೇಗಿತ್ತು ಅಂತ ಬರೆಯಲು ನನಗೆ ಬರುವುದಿಲ್ಲ. ಲಾರಿಯಲ್ಲಿ ಜಲ್ಲಿ ಸುರಿದ ಹಾಗೆ ಅಂದರೆ ತೀರಾ ಸಣ್ಣದಾಗುತ್ತದೆ.

ಒಂದು ಸಮುದಾಯ ಭವನದಲ್ಲಿ ಉಳಿಸಿದ್ದರು. ಅಕ್ಕಿ, ಬೆಡ್‌ಶೀಟು, ಬಿಸ್ಕತ್ತು ಬಂತು. ಕಂಡರಿಯದ ಜನ ಎಲ್ಲಿಂದಲೋ ತಂದುಕೊಟ್ಟರು, ಅದನ್ನು ಮರೆಯುವ ಹಾಗಿಲ್ಲ. ಒಂದು ಮಧ್ಯಾಹ್ನ ಧೈರ್ಯ ತುಂಬಲು ಅಂತ ಯಾರೋ ಒಬ್ಬರು ಬಂದರು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಮೈಕು. "ನೆಗೆಟಿವ್ ಯೋಚನೆ ಬಿಟ್ಟುಬಿಡಿ. ಪಾಸಿಟಿವ್ ಆಗಿ ಯೋಚಿಸಿ. ನೀವು ಏನು ಯೋಚಿಸುತ್ತೀರೋ ಅದೇ ಆಗುತ್ತದೆ" ಅಂದರು. ನನ್ನ ಪಕ್ಕ ಕೂತಿದ್ದ ಹೆಂಗಸು ಮನೆ ಕಳೆದುಕೊಂಡವಳು. ಮೆಲ್ಲಗೆ ನನ್ನ ಕಡೆ ತಿರುಗಿ ಕೇಳಿದಳು: "ಹಂಗಾದ್ರೆ ನಾನೇ ಯೋಚ್ನೆ ಮಾಡಿ ಗುಡ್ಡ ಬೀಳ್ಸಿದ್ನಾ ಅಕ್ಕಾ?"

ಅವತ್ತಿನಿಂದ ನನಗೆ 'ಪಾಸಿಟಿವ್' ಅನ್ನುವ ಪದ ಕಂಡರೆ ಮೈ ಉರಿಯುತ್ತದೆ. ಆ ಮನುಷ್ಯನ ಉದ್ದೇಶ ಒಳ್ಳೆಯದೇ ಇತ್ತು ಅಂತ ಇಟ್ಟುಕೊಳ್ಳೋಣ.

ಆದರೆ ಅವರು ಹೇಳಿದ್ದು ಹೊಸ ಮಾತಾ? ನಮ್ಮ ಅಜ್ಜಿಯರು ಹೇಳುತ್ತಿದ್ದದ್ದೂ ಅದೇ ಅಲ್ವಾ? ನಾನು ಹುಟ್ಟಿದ್ದು ಅರಕಲಗೂಡು ಕಡೆ. ಚಿಕ್ಕವಳಿದ್ದಾಗ ಅಪ್ಪ ಬರುವುದು ತಡವಾಗಿ, "ಅಪ್ಪಂಗೆ ಏನಾದ್ರೂ ಆಗಿದ್ರೆ?" ಅಂತ ಬಾಯಿ ಬಿಟ್ಟರೆ ಅಜ್ಜಿ ತಕ್ಷಣ ಗದರುತ್ತಿದ್ದಳು. "ಬಿಡ್ತು ಅನ್ನು!" ದೀಪ ಹಚ್ಚುವ ಹೊತ್ತಾದರೆ ಇನ್ನೂ ಗಾಬರಿ. ಆ ಹೊತ್ತಿನಲ್ಲಿ ಅಸ್ತು ದೇವತೆಗಳು ಓಡಾಡುತ್ತಿರುತ್ತವೆ, ನಾವು ಏನಂದರೂ ಅಸ್ತು ಅಂದುಬಿಡುತ್ತವೆ ಅಂತ. ನಾನು "ಬಿಡ್ತು" ಅನ್ನುತ್ತಿದ್ದೆ. ಬಾಯಲ್ಲಿ ಬಿಡುತ್ತಿತ್ತು. ತಲೆಯಲ್ಲಿ ಬಿಡುತ್ತಿರಲಿಲ್ಲ. ಈಗ ನಾನು ಯೋಚಿಸಿದ್ದಕ್ಕೇ ಅಪ್ಪನಿಗೆ ಏನಾದರೂ ಆಗುತ್ತದಾ ಅನ್ನುವ ಇನ್ನೊಂದು ಹೆದರಿಕೆ ಸೇರಿಕೊಳ್ಳುತ್ತಿತ್ತು. ಒಂದಿದ್ದದ್ದು ಎರಡಾಯಿತು.

ಅಜ್ಜಿಯನ್ನು ಬೈಯಲು ಮನಸ್ಸಿಲ್ಲ. "ಬಿಡ್ತು ಅನ್ನು" ಅಂದಾಗ ಅವಳ ಕೈ ನನ್ನ ತಲೆಯ ಮೇಲಿರುತ್ತಿತ್ತು. ಮೈಕು ಹಿಡಿದವರ ಕೈ ಯಾರ ತಲೆಯ ಮೇಲೂ ಇರಲಿಲ್ಲ.

ಯೋಚನೆಯನ್ನು ಅದುಮಿದರೆ ಏನಾಗುತ್ತದೆ ಅಂತ ಅಮೆರಿಕದಲ್ಲಿ ಡೇನಿಯಲ್ ವೆಗ್ನರ್ ಅನ್ನುವವರು ಪರೀಕ್ಷೆ ಮಾಡಿ 1987ರಲ್ಲಿ ಪ್ರಕಟಿಸಿದರು. ಕಾಲೇಜು ಹುಡುಗ ಹುಡುಗಿಯರನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಇನ್ನೂ ಸ್ವಾರಸ್ಯ ಅಂದರೆ, ಆಮೇಲೆ ಈಗ ಬೇಕಾದರೆ ನೆನೆಯಿರಿ ಅಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಅದುಮಿ ಕೂತಿದ್ದವರಿಗೇ ಕರಡಿ ಜಾಸ್ತಿ ಬಂತು. ನಮ್ಮ ಕಡೆ ಕರಡಿಯ ಬದಲು ಒಂಟಿ ಸಲಗ ಅಂತ ಇಟ್ಟುಕೊಳ್ಳಿ. ರಾತ್ರಿ ಅಂಗಳ ದಾಟಿ ಕಣದ ಕಡೆ ಹೋಗುವಾಗ ಸಲಗವನ್ನು ನೆನೆಯಬೇಡ ಅಂತ ಯಾರಾದರೂ ಹೇಳಿ ನೋಡಲಿ.

ವಿಷಯ ಗೊತ್ತಿಲ್ಲದಿದ್ದರೆ ಯೋಚನೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ನನ್ನದೇ ಒಂದು ಮರ್ಯಾದೆ ಕಳೆಯುವ ಕಥೆ ಇದೆ. ಮದುವೆಯಾದ ವರ್ಷ, ಆಗಸ್ಟ್ ಮೂರರ ಆಸುಪಾಸು. ಆ ದಿನಕ್ಕೆ ಕೊಡವರ ಮನೆಗಳಲ್ಲಿ ಕಕ್ಕಡ ಹದಿನೆಂಟು, ನಮ್ಮಲ್ಲಿ ಆಟಿ ಹದಿನೆಂಟು ಅನ್ನುತ್ತಾರೆ, ಮಳೆಗಾಲದ ಆ ತಿಂಗಳಿನ ಹದಿನೆಂಟನೇ ದಿನ. ಮದ್ದು ಸೊಪ್ಪಿನ ರಸ ತೆಗೆದು ಅಕ್ಕಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡುತ್ತಾರೆ. ಅವತ್ತು ಆ ಸೊಪ್ಪಿನಲ್ಲಿ ಹದಿನೆಂಟು ಥರದ ಔಷಧಿ ಸೇರಿರುತ್ತದೆ ಅನ್ನುವುದು ನಂಬಿಕೆ. ನೇರಳೆ ಬಣ್ಣ, ಒಂದು ಥರ ಕಾಡಿನ ವಾಸನೆ. ಹೊಸ ಸೊಸೆ, ಬೇಡ ಅನ್ನಲಾರದೆ ಎರಡು ಬಟ್ಟಲು ತಿಂದೆ. ಬೆಳಿಗ್ಗೆ ಬಚ್ಚಲಿಗೆ ಹೋದರೆ ಕೆಂಪು. ಎದೆ ಧಸಕ್ಕೆಂದಿತು. ಯಾರಿಗೆ ಹೇಳುವುದು? ಹೊಸ ಮನೆ. ರೊಟ್ಟಿ ತಟ್ಟುತ್ತಾ ಕಿಡ್ನಿ ಹೋಗಿದೆ ಅಂತ ತೀರ್ಮಾನ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ನನ್ನ ತಿಥಿಯ ಅಡುಗೆಗೆ ಯಾರು ಬರುತ್ತಾರೆ ಅನ್ನುವವರೆಗೆ ಹೋಗಿದ್ದೆ. ಮುಖ ನೋಡಿ ಅತ್ತೆ ಕೇಳಿದರು. ಅಳುತ್ತಾ ಹೇಳಿದೆ. ಅತ್ತೆ ನಕ್ಕ ನಗು ಆಳುಗಳ ಲೈನ್ ಮನೆಯವರೆಗೆ ಕೇಳಿಸಿರಬೇಕು. ಮದ್ದು ಸೊಪ್ಪು ತಿಂದರೆ ಎಲ್ಲರಿಗೂ ಕೆಂಪಗೇ ಹೋಗುವುದು. ಹಾಗೆ ಹೋದರೆ ಮದ್ದು ಮೈಗೆ ಹಿಡಿಯಿತು ಅಂತ ಸಂತೋಷ ಪಡುತ್ತಾರೆ!

ಆವತ್ತಿನದು ಒಂದು ಮಾತಿನಲ್ಲಿ ಕರಗಿತು. 2019ರದ್ದು ಹಾಗೆ ಕರಗಲಿಲ್ಲ.

2019ರ ಆಗಸ್ಟ್‌ನಲ್ಲಿ ಮತ್ತೆ ಅದೇ ಮಳೆ. ವಿರಾಜಪೇಟೆ ಕಡೆ ತೋರ ಗ್ರಾಮದಲ್ಲಿ ಗುಡ್ಡ ಜರಿದ ಸುದ್ದಿ ಬಂತು. ನಮ್ಮಲ್ಲಿ ಏನೂ ಆಗಲಿಲ್ಲ. ಆದರೂ ನನ್ನ ಕೈಕಾಲು ಬಿದ್ದುಹೋಯಿತು. ಮಳೆ ನಿಂತ ಮೇಲೂ ನಿದ್ದೆ ಬರಲಿಲ್ಲ. ಸೆಪ್ಟೆಂಬರ್ ಕಳೆಯಿತು, ತುಲಾ ಸಂಕ್ರಮಣ ಕಳೆಯಿತು. ಅನ್ನಕ್ಕೆ ಇಟ್ಟು ಮರೆಯುತ್ತಿದ್ದೆ. ಒಲೆ ಮುಂದೆ ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ. ನೆಂಟರೊಬ್ಬರು, "ತೋಟದಲ್ಲಿ ಮೈಮುರಿದು ಕೆಲಸ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ" ಅಂದರು. ನಾನು ಆಗಲೇ ಮೈಮುರಿಯುವಷ್ಟು ಕೆಲಸ ಮಾಡುತ್ತಿದ್ದೆ ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು. ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋದದ್ದು ಗೊರಕೆ ಹೊಡೆಯುವ ಇದೇ ಮನುಷ್ಯ. ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಒಂದು ದಿನ ಬೆಳಿಗ್ಗೆ ಜೀಪು ಹೊರಗೆ ತೆಗೆದು, "ಹತ್ತು" ಅಂದರು.

ಡಾಕ್ಟರು ಹೇಳಿದ್ದು ಸುಲಭವಾಗಿ ಅರ್ಥವಾಗುವ ಹಾಗಿತ್ತು. ಚಿಂತೆ ಎಲ್ಲರಿಗೂ ಬರುತ್ತದೆ. ಆದರೆ ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿ, ಯಾವುದರಲ್ಲೂ ಆಸೆ ಇಲ್ಲದೆ, ನಿದ್ದೆ ಊಟ ಕೆಟ್ಟು, ಎರಡು ವಾರ ಮೀರಿದರೆ ಅದನ್ನು ಬರೀ ಯೋಚನೆ ಅಂತ ಬಿಡಬಾರದು, ತೋರಿಸಬೇಕು. ನನ್ನದು ಎರಡು ತಿಂಗಳು ಮೀರಿತ್ತು. ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ ಅನ್ನುವಷ್ಟೇ ಸಲೀಸಾಗಿ ಇದನ್ನು ಹೇಳಬೇಕು ಅಂತ ನಿರ್ಧರಿಸಿದ್ದೇನೆ, ಅದಕ್ಕೇ ಬರೆದೆ. ಆಗ ನಮಗೆ ಯಾರನ್ನು ಕೇಳಬೇಕು ಅಂತಲೇ ಗೊತ್ತಿರಲಿಲ್ಲ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನುವ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿದರೆ ಯಾವ ಹೊತ್ತಿನಲ್ಲೂ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಮ್ಮ ಫ್ರಿಜ್ಜಿನ ಮೇಲೆ ಗ್ಯಾಸಿನವರ ನಂಬರಿನ ಕೆಳಗೆ ಅದನ್ನೂ ಅಂಟಿಸಿದ್ದೇನೆ.

ಮಾತ್ರೆಯ ಜೊತೆಗೆ ಡಾಕ್ಟರು ಒಂದು ಮನೆಗೆಲಸ ಕೊಟ್ಟರು. ಯೋಚನೆ ಬಂದಾಗ ಬರೆಯಿರಿ. ತಾರೀಖು, ಹೊತ್ತು, ಏನು ಯೋಚನೆ. ಅಷ್ಟೇ. ಇದರ ಹಿಂದೆ ಆರನ್ ಬೆಕ್ ಅನ್ನುವ ಅಮೆರಿಕದ ಮನೋವೈದ್ಯರು ಇದ್ದಾರಂತೆ. 1960ರ ದಶಕದಲ್ಲಿ, ಖಿನ್ನತೆಯ ರೋಗಿಗಳನ್ನು ನೋಡುತ್ತಾ ಅವರು ಗಮನಿಸಿದ್ದೇನೆಂದರೆ, ಕೆಲವು ಯೋಚನೆ ನಾವು ಕರೆಯದೆ ತಾವಾಗಿಯೇ ಬರುತ್ತವೆ. ಎಷ್ಟು ಬೇಗ ಬಂದು ಹೋಗುತ್ತವೆ ಅಂದರೆ ಬಂದದ್ದು ಗೊತ್ತಾಗುವುದಿಲ್ಲ, ಬಿಟ್ಟುಹೋದ ಸಂಕಟ ಮಾತ್ರ ಉಳಿಯುತ್ತದೆ. ಹಿಡಿದು ಕೂರಿಸಿ, ನೀನು ಹೇಳುವುದು ನಿಜವಾ ಅಂತ ವಿಚಾರಿಸಬಹುದು ಅನ್ನುವುದೇ ಅವರ ಚಿಕಿತ್ಸೆಯ ತಿರುಳು. ನೂರು ವರ್ಷ ಬದುಕಿ 2021ರಲ್ಲಿ ತೀರಿಕೊಂಡರು.

ಬರೆಯಲು ಪುಸ್ತಕ ಹುಡುಕಿದೆ. ಮಗನ ಹಳೆಯ ನೋಟ್‌ಬುಕ್ಕುಗಳು ಗೆದ್ದಲಿಗೆ ಹೋಗಿದ್ದವು. ಕಣ್ಣಿಗೆ ಬಿದ್ದದ್ದು ಮಳೆ ಪುಸ್ತಕ. ಬಲಗಡೆ ಪುಟ ಪೂರ್ತಿ ಖಾಲಿ ಇದೆಯಲ್ಲ! ಹೆದರುತ್ತಲೇ ಮಾವನನ್ನು ಕೇಳಿದೆ. ಕನ್ನಡಕದ ಮೇಲಿಂದ ಒಂದು ಸಲ ನೋಡಿ, "ಪೆನ್ಸಿಲ್‌ನಲ್ಲಿ ಬರೆಯಮ್ಮ. ಶಾಯಿ ಹಿಂದಕ್ಕೆ ಇಳಿಯುತ್ತದೆ" ಅಂದರು.

2020ರ ಜೂನ್‌ನಿಂದ ಶುರು. ಎಡಗಡೆ ಅವರ ಮಳೆ, ಬಲಗಡೆ ನನ್ನದು. "ರಾತ್ರಿ 3. ಬರೆ." "3.20. ಮಗ ಫೋನ್ ಎತ್ತಿಲ್ಲ." "ಸಂಜೆ 6. ಸಾಲ." "3. ಬರೆ." ಮೊದಲ ವಾರ ಬರೆದದ್ದನ್ನು ಓದಲೂ ಭಯ. ಕಾಗದದ ಮೇಲೆ ಹಾಕಿದರೆ ಅಸ್ತು ದೇವತೆಗೆ ಅರ್ಜಿ ಕೊಟ್ಟ ಹಾಗೆ ಆಗುವುದಿಲ್ಲವಾ? ಆಗಸ್ಟ್ ಮೊದಲ ವಾರದಲ್ಲೇ ತಲಕಾವೇರಿಯ ಬ್ರಹ್ಮಗಿರಿ ಜರಿದು ಅರ್ಚಕರ ಮನೆ ಮಣ್ಣಿನಡಿ ಹೋಯಿತು. ಆ ದಿನ ಪೆನ್ಸಿಲ್ ಎಸೆದುಬಿಟ್ಟೆ. ಎರಡು ದಿನ ಬಿಟ್ಟು ಮತ್ತೆ ಎತ್ತಿಕೊಂಡೆ, ಯಾಕೆಂದರೆ ಬರೆಯದೆ ಇದ್ದರೂ ಮೂರು ಗಂಟೆ ಬರುವುದು ಬಿಡಲಿಲ್ಲ.

ಸೆಪ್ಟೆಂಬರ್ ಕೊನೆಗೆ, ಮಳೆ ಸ್ವಲ್ಪ ತೆರಪು ಕೊಟ್ಟಾಗ, ಕಣದಲ್ಲಿ ಕೂತು ನಾಲ್ಕು ತಿಂಗಳಿನದನ್ನು ಒಟ್ಟಿಗೆ ಓದಿದೆ. ಮೊದಲು ಅನ್ನಿಸಿದ್ದು ಎಂಥ ಬೋರು! ನನ್ನ ತಲೆಯಲ್ಲಿ ಸಾವಿರ ಚಿಂತೆ ಇದೆ ಅಂದುಕೊಂಡಿದ್ದೆ. ಇದ್ದದ್ದು ನಾಲ್ಕೇ. ಅವೇ ಸೀರೆ ಬದಲಿಸಿ ಬರುತ್ತಿದ್ದವು. ಬರೆ ಮೂವತ್ತೊಂದು ಸಲ ಬಂದಿತ್ತು. ಅದರ ಮುಂದಿನದು ಮಗ. ಇನ್ನೊಂದು ವಿಚಿತ್ರ ಕಂಡಿತು. ನನ್ನ ಹೆದರಿಕೆಗೂ ಎಡಗಡೆ ಪುಟದ ಅಂಕಿಗೂ ತಾಳಮೇಳವೇ ಇರಲಿಲ್ಲ. ಆರು ಇಂಚು ಬಿದ್ದ ರಾತ್ರಿ ಏನೂ ಬರೆದಿರಲಿಲ್ಲ, ನಿದ್ದೆ ಮಾಡಿದ್ದೆನೋ ಏನೋ. ಮೂವತ್ತು ಸೆಂಟು ಬಿದ್ದ ರಾತ್ರಿ ಮುಕ್ಕಾಲು ಪುಟ ಬರೆದಿದ್ದೆ. ಅವತ್ತು ಏನು ವಿಶೇಷ ಅಂತ ನೆನಪು ಮಾಡಿಕೊಂಡರೆ, ಸಂಜೆ ನಾದಿನಿಯ ಜೊತೆ ಒಂದು ಮಾತು ಬಂದಿತ್ತು. ಬೇಸರ ನಾದಿನಿಯ ಮೇಲೆ, ಪುಟದಲ್ಲಿ ಹೆಸರು ಮಾತ್ರ ಮನೆ ಹಿಂದಿನ ಬರೆಯದ್ದು!

ಬರೆದದ್ದರಲ್ಲಿ ಎಷ್ಟು ನಿಜವಾಯಿತು? ಬರೆ ಜರಿಯಲಿಲ್ಲ. ಮಗ ಫೋನ್ ಎತ್ತದ ರಾತ್ರಿಗಳಲ್ಲಿ ಒಂದು ದಿನ ಅವನಿಗೆ ನಿಜವಾಗಿ ಜ್ವರ ಇತ್ತು, ಉಳಿದ ದಿನ ಚಾರ್ಜ್ ಇರಲಿಲ್ಲ ಅಥವಾ ಅಮ್ಮನ ಜೊತೆ ಮಾತಾಡುವ ಮೂಡು ಇರಲಿಲ್ಲ. ಕಾಯಿ ಉದುರಿತು, ಪ್ರತಿ ವರ್ಷ ಉದುರುವಷ್ಟು. ಬರೆಯದೆ ಇದ್ದದ್ದು ಮಾತ್ರ ಬಂತು. ಜುಲೈನಲ್ಲಿ ಹಲಸಿನ ಹಣ್ಣಿಗೆ ಬಂದ ಆನೆ ನೀರಿನ ಟ್ಯಾಂಕು ಉರುಳಿಸಿ ಪೈಪು ಮುರಿದು ಹೋಯಿತು. ಇಷ್ಟೆಲ್ಲಾ ರಾತ್ರಿ ಕಾವಲು ಕಾದವಳಿಗೆ ಟ್ಯಾಂಕು ಹೊಳೆದೇ ಇರಲಿಲ್ಲ.

ಇಲ್ಲಿಗೆ ಬಿಟ್ಟರೆ, ನೋಡಿ, ಚಿಂತೆಯೆಲ್ಲಾ ಸುಳ್ಳು ಅಂದ ಹಾಗಾಗುತ್ತದೆ. ಆ ಮಾತೂ ಸುಳ್ಳು. ಅದೇ ಪುಟಗಳಲ್ಲಿ ಜೂನ್‌ನ ಒಂದು ಸಾಲಿದೆ: "3. ಹಿತ್ತಲಿನ ಚರಂಡಿ ಕಟ್ಟಿಕೊಂಡಿದೆ ಅನ್ನಿಸುತ್ತಿದೆ." ಬೆಳಿಗ್ಗೆ ನೋಡಿದರೆ ನಿಜಕ್ಕೂ ಸಿಲ್ವರ್ ಎಲೆ ಕೂತು ಕಟ್ಟಿಕೊಂಡಿತ್ತು. ನೀರು ಬರೆಯ ಬುಡಕ್ಕೆ ತಿರುಗಿತ್ತು. ಗುಡ್ಡ ಜರಿಯುವುದು ಹೀಗೆ ಮಣ್ಣಿನೊಳಗೆ ನೀರು ಇಳಿದು ಇಳಿದು ಭಾರವಾಗಿಯೇ ಅಲ್ವಾ. ಮಾವನಿಗೆ ತೋರಿಸಿದೆ. ಆವತ್ತು ಅವರು ಕೇಳಿದ್ದು ಒಂದು ಪ್ರಶ್ನೆ.

"ಇದಕ್ಕೆ ಗುದ್ದಲಿ ಕೆಲಸ ಉಂಟಾ?"

ಉಂಟು ಅಂದೆ. ಇಬ್ಬರು ಹೋಗಿ ಚರಂಡಿ ಬಿಡಿಸಿದರು. ಆಮೇಲೆ ನಾನು ಪ್ರತಿ ಸಾಲಿನ ಎದುರೂ ಅದನ್ನೇ ಕೇಳಲು ಶುರು ಮಾಡಿದೆ. ಇದಕ್ಕೆ ಗುದ್ದಲಿ ಕೆಲಸ ಉಂಟಾ? ಚರಂಡಿಗೆ ಉಂಟು. ಸಾಲಕ್ಕೆ ಉಂಟು, ಸೊಸೈಟಿಯಲ್ಲಿ ಕೇಳಿ ಕಂತು ಮುಂದೆ ಹಾಕಿಸಿಕೊಳ್ಳಬಹುದು. ಹಾಗಾದರೆ ಪಕ್ಕದಲ್ಲಿ 'ಗು' ಅಂತ ಬರೆಯುತ್ತೇನೆ, ಬೆಳಕು ಹರಿದ ಮೇಲೆ ಮಾಡುತ್ತೇನೆ. ಮಗನ ಬೈಕಿಗೆ ಇಲ್ಲಿಂದ ಗುದ್ದಲಿ ತಲುಪುವುದಿಲ್ಲ. ಅದು ಬರೀ ಸಾಲಾಗಿ ಉಳಿಯುತ್ತದೆ. ಉಳಿದರೆ ನೋವಾಗುವುದಿಲ್ಲವಾ? ಆಗುತ್ತದೆ. ಆದರೆ ಅದನ್ನು ಎತ್ತಿಕೊಂಡು ಬೆಳಗಿನವರೆಗೆ ಮನೆಯೊಳಗೆ ಓಡಾಡುವುದಿಲ್ಲ.

ಮೂರು ಗಂಟೆಗೆ ನಾನು ಯಾವ ತೀರ್ಮಾನವನ್ನೂ ತೆಗೆದುಕೊಳ್ಳುವುದಿಲ್ಲ ಅನ್ನುವುದೂ ಆಗಲೇ ಬಂದ ಕಾನೂನು. ಆ ಹೊತ್ತಿನ ನಾನು ಬೇರೆ ಹೆಂಗಸು. ಅವಳು ತೋಟ ಮಾರಿ ಮೈಸೂರಿಗೆ ಹೋಗೋಣ ಅನ್ನುತ್ತಾಳೆ. ಆರು ಗಂಟೆಗೆ ಒಂದು ಲೋಟ ಬೆಲ್ಲದ ಕಾಫಿ ಒಳಗೆ ಹೋದ ಮೇಲೆ ಅದೇ ಹೆಂಗಸು ಕಳೆ ತೆಗೆಸಲು ಎಷ್ಟು ಆಳು ಬೇಕು ಅಂತ ಲೆಕ್ಕ ಹಾಕುತ್ತಾಳೆ.

ಡಾಕ್ಟರು ಹೇಳಿದ ಇನ್ನೊಂದು ಉಪಾಯ ಕೇಳಿ ಮೊದಲು ನಕ್ಕಿದ್ದೆ. ಚಿಂತೆ ಮಾಡಲು ದಿನಕ್ಕೆ ಅರ್ಧ ಗಂಟೆ ಗೊತ್ತು ಮಾಡಿ, ಒಂದೇ ಜಾಗ, ಒಂದೇ ಹೊತ್ತು. ಬೇರೆ ಹೊತ್ತಿನಲ್ಲಿ ಬಂದರೆ, ಸಂಜೆ ಬಾ ಅನ್ನಿ. ಥಾಮಸ್ ಬೋರ್ಕೊವೆಕ್ ಅನ್ನುವವರು ಜೊತೆಗಾರರೊಂದಿಗೆ ಇದನ್ನು ಪರೀಕ್ಷಿಸಿ 1983ರಲ್ಲೇ ಬರೆದಿದ್ದಾರಂತೆ. ನಾನು ಐದೂವರೆಯಿಂದ ಆರು ಅಂತ ಇಟ್ಟುಕೊಂಡೆ, ಕಣದ ಕಟ್ಟೆಯ ಮೇಲೆ. ಮಲಗುವ ಕೋಣೆ ಮಾತ್ರ ಬೇಡ ಅಂದಿದ್ದರು. ಕೂತೆ. ಬನ್ನಿ ಅಂದೆ. ಒಂದೂ ಬರಲಿಲ್ಲ! ಸಂತೆ ದಿನ ಅಂಗಡಿ ತೆಗೆದು ಕೂತರೆ ಗಿರಾಕಿ ಇಲ್ಲದ ಹಾಗೆ. ಕಡೆಗೆ ಒಣಗಿದ ಮೆಣಸಿನ ಕಡ್ಡಿ ಆರಿಸುತ್ತಾ ಕೂತೆ. ಈಗಲೂ ಆ ಹೊತ್ತಿಗೆ ಕೂರುತ್ತೇನೆ. ಕೆಲವು ದಿನ ಬರುತ್ತವೆ. ಬಂದರೆ ಮಾತಾಡಿಸುತ್ತೇನೆ. ಅಪರೂಪಕ್ಕೆ ಅಳುವುದೂ ಉಂಟು.

ವಾಟ್ಸಾಪಿನ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ನಮ್ಮ ಗುಂಪುಗಳಲ್ಲಿ ಬರುವ ವಿಡಿಯೋಗಳಲ್ಲಿ ಅರ್ಧ ಹಳೆಯವು, ಇನ್ನರ್ಧ ಬೇರೆ ದೇಶದವು. ನಾಲ್ಕು ಗುಂಪು ಬಿಟ್ಟೆ, ಒಂದು ಇಟ್ಟುಕೊಂಡೆ. ಹವಾಮಾನ ಇಲಾಖೆಯ ಬಣ್ಣ ಮಾತ್ರ ನೋಡುತ್ತೇನೆ. ಹಳದಿ ಅಂದರೆ ಗಮನ ಇರಲಿ, ಕಿತ್ತಳೆ ಅಂದರೆ ತಯಾರಾಗಿರಿ, ಕೆಂಪು ಅಂದರೆ ಏನಾದರೂ ಮಾಡಿ. ಒಂದು ದಿನಕ್ಕೆ 204.4 ಮಿಲಿಮೀಟರ್ ಮೀರಿದರೆ ಇಲಾಖೆಯ ಲೆಕ್ಕದಲ್ಲಿ ಅತಿ ಹೆಚ್ಚು ಮಳೆ. ಮಾವನ ಭಾಷೆಯಲ್ಲಿ ಎಂಟು ಇಂಚು. ಕೆಂಪು ಬಂದರೆ ಒಂದು ಬ್ಯಾಗು ಬಾಗಿಲ ಹತ್ತಿರ ಬರುತ್ತದೆ. ಪಹಣಿ, ಆಧಾರ್, ಮಾವನ ಮಾತ್ರೆ, ಟಾರ್ಚು. ಒಮ್ಮೆ ಬ್ಯಾಗು ಇಟ್ಟ ಮೇಲೆ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ. ನಮ್ಮನೆಯವರು ಮಾತ್ರ ಕತ್ತಲಲ್ಲಿ ಅದನ್ನು ಎಡವಿ ಬೈಯುತ್ತಾರೆ.

ಈಗ ಎಚ್ಚರವಾಗುವುದು ನಿಂತಿದೆಯಾ ಅಂದರೆ, ಇಲ್ಲ. ಜೂನ್ ಬಂದರೆ ಮೂರು ಗಂಟೆಯೂ ಬರುತ್ತದೆ. ದಿಂಬಿನ ಪಕ್ಕ ಟಾರ್ಚು, ಪೆನ್ಸಿಲು. ಬರೆಯುತ್ತೇನೆ, ಮಗ್ಗುಲು ಬದಲಿಸುತ್ತೇನೆ. ಕೆಲವು ರಾತ್ರಿ ನಿದ್ದೆ, ಕೆಲವು ರಾತ್ರಿ ಗೊರಕೆ ಎಣಿಸುವುದು.

ಮಾವನಿಗೆ ಈಗ ಎಂಬತ್ತನಾಲ್ಕು. ಮೊಣಕಾಲು ಹಿಡಿದುಕೊಂಡು ಈ ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯುವುದು ಕಷ್ಟವಾಗಿದೆ. ಪಾತ್ರೆ ನೋಡುವುದು ನನ್ನ ಕೆಲಸ, ಬರೆಯುವುದು ಅವರದ್ದು. ಮೊನ್ನೆ ಪುಷ್ಯ ಮಳೆ ಜೋರಾದ ಬೆಳಿಗ್ಗೆ ಅಳತೆ ನೋಡಿ ಒಳಗೆ ಬಂದೆ. ಅವರು ಸ್ನಾನಕ್ಕೆ ಹೋಗಿದ್ದರು. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಬಲಗಡೆ ಪುಟದಲ್ಲಿ, ನನ್ನ ಸಾಲುಗಳ ಕೆಳಗೆ, ನಡುಗುವ ಅಕ್ಷರದಲ್ಲಿ, ಪೆನ್ಸಿಲಿನಲ್ಲೇ:

"ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರೆ?"

ಓದಿದೆನೆಂದು ಹೇಳಲಿಲ್ಲ. ಬಡಗಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಅವನು ಬಂದು ಕೋಣೆಯಿಂದ ಬಚ್ಚಲವರೆಗೆ ಗೋಡೆಗೆ ಮರದ ಹಿಡಿ ಬಡಿದು ಹೋದ. ಮಾವ ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದರು. ಇದು ಯಾಕೆ, ಯಾರಿಗೆ ಅಂತ ಒಂದು ಮಾತು ಕೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಒದ್ದೆ ಕೈ ಒರೆಸಿಕೊಂಡು ಒಳಗೆ ಬಂದಾಗ ಪೆನ್ನು ಹಿಡಿದು ಕಾಯುತ್ತಿದ್ದರು.

"ಎಷ್ಟಾಯ್ತಮ್ಮ?"

"ಎರಡು ನಲವತ್ತು, ಮಾವ."

ಎಡಗಡೆ ಪುಟದಲ್ಲಿ ಬರೆದುಕೊಂಡರು. 2.40. ಅದರ ಪಕ್ಕ: "ಹಿಡಿ ಹಾಕಿಸಿತು ಸೊಸೆ."